ಕಾದು ನೋಡುವ ಕಣ್ಣಲ್ಲ ಇದು

ಎಳೆ ಮಗುವಿನ ಕಣ್ಣೊಳಗೆ ಏನೋ ಬೆಳ್ಳಗೆ ಹೊಳೆಯುತ್ತಿದೆ ಎಂದು ತಾಯಿಯೊಬ್ಬಳು ಹೇಳಿದರೆ ಗುಂಡ್ಲುಪೇಟೆ ಸೀಮೆಯ ಹಟ್ಟಿ-ಜಗುಲಿಗಳಲ್ಲಿ ಅವಳಿಗೆ ಸಿಗುವ ಮೊದಲ ಉತ್ತರ ‘ದೊಡ್ಡದಾದ್ರ ಸರಿಯಾಯ್ತುದ ಬುಡವ್ವ’ ಎಂಬುದು. ಒಂದು ಕಣ್ಣು ಓರೆಯಾಗಿದೆ ಎಂದರೆ ಸಮಾಧಾನ ಇನ್ನೂ ಸಲೀಸಾಗಿ ಬರುತ್ತದೆ: ‘ಮೆಳ್ಳೆಗಣ್ಣು ಅದೃಷ್ಟ ಕನವ್ವ.’ ಹೇಳುವವರು ಕೆಟ್ಟವರಲ್ಲ. ಮಗುವಿನ ಮೇಲೆ ಜೀವವನ್ನೇ ಇಟ್ಟುಕೊಂಡಿರುವ ಅಜ್ಜಿ, ಅತ್ತೆ, ಪಕ್ಕದ ಮನೆಯವರು. ಆದರೂ ಈ ಸಮಾಧಾನ ಮಕ್ಕಳನ್ನು ಕೊಲ್ಲುತ್ತದೆ. ಅದನ್ನು ನಯವಾಗಿ ಹೇಳುವ ದಾರಿ ನನಗೆ ಕಾಣುತ್ತಿಲ್ಲ, ಹುಡುಕುವ ಮನಸ್ಸೂ ಇಲ್ಲ.

ಈ ಮಾತುಗಳ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಕಣ್ಣಿನ ಕಾಯಿಲೆ ಎಂದರೆ ನೋಟದ ತೊಂದರೆ, ನೋಟದ ತೊಂದರೆಯಿಂದ ಯಾರೂ ಸಾಯುವುದಿಲ್ಲ, ಹಾಗಾಗಿ ಕಾಯಬಹುದು ಎಂಬುದು ಅದು. ಇದನ್ನು ಓದುಬರಹ ಬಾರದವರ ಮೂಢತನ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಮೇಷ್ಟ್ರುಗಳ ಮನೆಯಲ್ಲೂ ಇದೇ ಮಾತು, ಔಷಧಿ ಅಂಗಡಿಯಲ್ಲೂ ಇದೇ ಮಾತು. ‘ಮಗು ಇನ್ನೂ ಚಿಕ್ಕದು, ವರ್ಷ ತುಂಬಲಿ, ಆಮೇಲೆ ನೋಡೋಣ’ ಎಂದು ಹೇಳಿ ಕಳಿಸುವ ವೈದ್ಯರೂ ಇದ್ದಾರೆ. ಕಣ್ಣಿಗೆ ಸಂಬಂಧಪಟ್ಟ ನಮ್ಮ ಸರ್ಕಾರಿ ಯೋಜನೆಗಳು ಸಹ ಬಹುಮಟ್ಟಿಗೆ ಕುರುಡುತನವನ್ನು ಎಣಿಸುತ್ತವೆ, ಕಣ್ಣಿನಿಂದ ಬರುವ ಸಾವನ್ನು ಎಣಿಸುವುದಿಲ್ಲ.

ಆದರೆ ಕಣ್ಣಿನಿಂದ ಸಾವು ಬರುತ್ತದೆ. ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ, ಹುಟ್ಟುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಬಹುಪಾಲು ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಇರುತ್ತದೆ. ಸುಮಾರು 16,000ದಿಂದ 18,000 ಹೆರಿಗೆಗಳಿಗೆ ಒಂದು ಮಗುವಿನಂತೆ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8,000 ಮಕ್ಕಳಿಗೆ ಇದು ಅಂಟಿಕೊಳ್ಳುತ್ತದೆ. ಅವರಲ್ಲಿ ಅತಿ ಹೆಚ್ಚು ಮಕ್ಕಳಿರುವ ದೇಶಗಳ ಸಾಲಿನಲ್ಲಿ ಭಾರತ ಮುಂದಿದೆ. 2011ರ ಜನಗಣತಿಯಲ್ಲೇ ಹತ್ತು ಲಕ್ಷ ದಾಟಿದ್ದ ಚಾಮರಾಜನಗರ ಜಿಲ್ಲೆಗೆ ಈ ಲೆಕ್ಕ ಹಾಕಿದರೆ ಒಂದೆರಡು ವರ್ಷಕ್ಕೆ ಒಂದು ಮಗು ಎಂದಾಗುತ್ತದೆ. ಇಷ್ಟು ಅಪರೂಪದ ರೋಗಕ್ಕೆ ಇಷ್ಟು ಗದ್ದಲವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಅಪರೂಪವಾದ್ದರಿಂದಲೇ ಗದ್ದಲ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಇಡೀ ವೃತ್ತಿಜೀವನದಲ್ಲಿ ಇಂಥ ಒಂದು ಮಗುವನ್ನೂ ನೋಡದೆ ನಿವೃತ್ತರಾಗಬಹುದು. ಇದನ್ನು ಮೊದಲು ಕಾಣುವುದು ಹೆತ್ತವರ ಕಣ್ಣು. ಅವರ ಬಾಯಿ ಮುಚ್ಚಿಸಿದರೆ ಮುಂದೆ ಯಾರಿಗೂ ಅದು ಕಾಣುವುದಿಲ್ಲ.

ಕಾಯುವುದರ ಬೆಲೆ ಎಷ್ಟು ಎಂಬುದಕ್ಕೆ ಅಂಕಿ ಇದೆ. 2017ರಲ್ಲಿ ರೋಗ ಪತ್ತೆಯಾದ, 153 ದೇಶಗಳ 4,351 ಮಕ್ಕಳ ವಿವರ ಕಲೆಹಾಕಿದ ಜಾಗತಿಕ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ವಯಸ್ಸಿನ ನಡುಮಟ್ಟ ಸುಮಾರು 14 ತಿಂಗಳು. ಅತಿ ಬಡ ದೇಶಗಳಲ್ಲಿ 30 ತಿಂಗಳು. ರೋಗ ಒಂದೇ, ಕಣ್ಣಿನ ರಚನೆ ಒಂದೇ. ಬೇರೆಯಾಗಿರುವುದು ನಡುವಿನ ಹದಿನಾರು ತಿಂಗಳು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಅತಿ ಬಡ ದೇಶಗಳಲ್ಲಿ ಮೂರು ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ 60 ಮಕ್ಕಳೂ ಉಳಿದಿರುವುದಿಲ್ಲ. ಬಾಲ್ಯದ ಕ್ಯಾನ್ಸರುಗಳಲ್ಲಿ ಅತ್ಯಂತ ಚೆನ್ನಾಗಿ ಗುಣವಾಗುವ ಒಂದು ರೋಗಕ್ಕೆ ಮಕ್ಕಳು ಬಲಿಯಾಗುತ್ತಿದ್ದಾರೆ ಎಂದರೆ, ಕೊಲ್ಲುತ್ತಿರುವುದು ಗಡ್ಡೆಯೊಂದೇ ಅಲ್ಲ, ತಡವೂ ಹೌದು.

ತಾಯಿ ಕಂಡ ಆ ಬಿಳುಪು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡರೆ ಕಾಯುವ ವಾದ ತಾನಾಗಿ ಕುಸಿಯುತ್ತದೆ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್, ದೊಡ್ಡವರದು 24. ಮುಂದೆ ಗಾಜಿನಂಥ ಕಾರ್ನಿಯಾ, ದಪ್ಪ ಅರ್ಧ ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು. ಅದರ ಹಿಂದೆ ಬಣ್ಣದ ಪರದೆ, ನಡುವೆ ಪಾಪೆ. ಪಾಪೆ ಎಂದರೆ ಕಪ್ಪು ವಸ್ತುವಲ್ಲ, ಬೆಳಕು ಒಳಗೆ ಹೋಗುವ ಕಿಂಡಿ. ಕಿಂಡಿಯ ಹಿಂದೆ ಮಸೂರ, ಮಸೂರದ ಹಿಂದೆ ಲೋಳೆಯಂಥ ತಿಳಿ ದ್ರವ, ಅದರಾಚೆ ಗೋಡೆಗೆ ಅಂಟಿಕೊಂಡಂತೆ ರೆಟಿನಾ. ರೆಟಿನಾದ ಬೆನ್ನಿಗೆ ರಕ್ತನಾಳಗಳು ತುಂಬಿದ ಇನ್ನೊಂದು ಪದರ, ಹೊರಗೆ ಬಿಳಿಗುಡ್ಡೆಯ ಗಟ್ಟಿ ಕವಚ. ಪಾಪೆಗೆ ನೇರ ಬೆಳಕು ಬಿಟ್ಟರೆ ಅದು ಹಿಂದಿನ ರಕ್ತದ ಪದರದ ಬಣ್ಣ ಹೊತ್ತು ಕೆಂಪಾಗಿ ಮರಳುತ್ತದೆ. ಫ್ಲ್ಯಾಷ್ ಹಾಕಿ ತೆಗೆದ ಫೋಟೊದಲ್ಲಿ ಕಣ್ಣು ಕೆಂಪಾಗಿ ಬರುವುದು ಇದರಿಂದಲೇ. ರೆಟಿನಾದ ಮೇಲೆ ಬಿಳಿ ಗಡ್ಡೆ ಎದ್ದಿದ್ದರೆ ಬೆಳಕು ಅದಕ್ಕೆ ತಾಗಿ ಬೆಳ್ಳಗೆ ಮರಳುತ್ತದೆ. ಒಂದು ಕಣ್ಣು ಕೆಂಪು, ಇನ್ನೊಂದು ಬಿಳಿ ಅಥವಾ ಹಳದಿ ಎಂದಾದರೆ ಆ ಕಣ್ಣಿನ ಹಿಂಗೋಡೆಯಲ್ಲಿ ಏನೋ ಇದೆ ಎಂದೇ ಅರ್ಥ ಮಾಡಿಕೊಂಡು ಹೊರಡಬೇಕು.

ಇಲ್ಲೇ ಇನ್ನೊಂದು ಸಂಗತಿ ಇದೆ. ಪಾಪೆ ಮಬ್ಬು ಬೆಳಕಿನಲ್ಲಿ ಹಿಗ್ಗುತ್ತದೆ, ಪ್ರಖರ ಬೆಳಕಿನಲ್ಲಿ ಕುಗ್ಗುತ್ತದೆ. ಮುಸ್ಸಂಜೆಯಲ್ಲಿ ದೀಪದ ಬೆಳಕು ಓರೆಯಾಗಿ ಬೀಳುವಾಗ, ಮೊಲೆಯೂಡಿಸುತ್ತ ಬಗ್ಗಿ ನೋಡುವ ತಾಯಿಗೆ ಬೆಕ್ಕಿನ ಕಣ್ಣಿನಂತೆ ಹೊಳೆದದ್ದು ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಟ್ಯೂಬ್‌ಲೈಟಿನ ಕೆಳಗೆ ಕಾಣದೇ ಹೋಗಬಹುದು. ಆಗ ‘ಏನೂ ಇಲ್ಲವಲ್ಲಮ್ಮ, ನಿನ್ನ ಭ್ರಮೆ’ ಎನ್ನುತ್ತಾರೆ. ಭ್ರಮೆಯಲ್ಲ ಅದು. ಅವಳು ಕಂಡದ್ದು ಸರಿಯಾದ ಬೆಳಕಿನಲ್ಲಿ, ಅವರು ನೋಡಿದ್ದು ತಪ್ಪು ಬೆಳಕಿನಲ್ಲಿ. ಪಾಪೆ ಹಿಗ್ಗಿಸುವ ಹನಿ ಹಾಕಿ, ಬೇಕಾದರೆ ಮಗುವಿಗೆ ಅರಿವಳಿಕೆ ಕೊಟ್ಟು, ರೆಟಿನಾದ ಅಂಚಿನವರೆಗೂ ನೋಡದೆ ಯಾರೂ ‘ಏನಿಲ್ಲ’ ಎನ್ನುವಂತಿಲ್ಲ. ಹಾಗೆಂದವರ ಮಾತನ್ನು ತಾಯಿ ಕೇಳಬೇಕಾಗಿಯೂ ಇಲ್ಲ.

ಬಿಳುಪೆಲ್ಲ ಕ್ಯಾನ್ಸರ್ ಅಲ್ಲ ಎಂಬುದು ನಿಜ. ಹುಟ್ಟಿನಿಂದ ಬಂದ ಪೊರೆ ಇರಬಹುದು, ದಿನ ತುಂಬುವ ಮುನ್ನ ಹುಟ್ಟಿದ ಮಗುವಿನ ರೆಟಿನಾ ದೋಷವಿರಬಹುದು, ರೆಟಿನಾದ ರಕ್ತನಾಳಗಳ ಬೇರೆ ಕಾಯಿಲೆ ಇರಬಹುದು. ಒಮ್ಮೊಮ್ಮೆ ಮಗು ಓರೆಯಾಗಿ ನೋಡಿದಾಗ ದೃಷ್ಟಿನರ ಹೊರಡುವ ಜಾಗಕ್ಕೆ ಬೆಳಕು ತಾಗಿ ಫೋಟೊದಲ್ಲಿ ಬಿಳಿ ಚುಕ್ಕೆ ಬರುವುದೂ ಉಂಟು. ಈ ಮಾತನ್ನೇ ಹಿಡಿದು ‘ನೋಡಿ, ಗಾಬರಿ ಬೇಡ’ ಎನ್ನುವವರಿದ್ದಾರೆ. ಅವರು ಮುಂದಿನ ವಾಕ್ಯ ಹೇಳುವುದಿಲ್ಲ. ಹುಟ್ಟು ಪೊರೆಯೂ ಕಾಯುವಂಥದ್ದಲ್ಲ. ಬೇಗ ತೆಗೆಯದಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ, ಮುಂದೆ ಎಂಥ ಶಸ್ತ್ರಚಿಕಿತ್ಸೆ ಮಾಡಿದರೂ ಪೂರ್ತಿ ನೋಟ ಬರುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ರೆಟಿನಾ ದೋಷಕ್ಕಂತೂ ವಾರಗಳ ಗಡುವು. ಮಗುವಿನ ಪಾಪೆಯಲ್ಲಿ ನಿಂತ ಬಿಳುಪು ಯಾವ ಕಾರಣದ್ದೇ ಇರಲಿ, ಪರೀಕ್ಷೆ ಮಾಡಿಸದೆ ಕಾಯುವುದು ತಪ್ಪು.

ಹಾಗಾದರೆ ಕಾಯಬಹುದು ಎಂಬ ಪಾಠ ನಮಗೆ ಎಲ್ಲಿಂದ ಬಂತು? ನನ್ನ ಪ್ರಕಾರ ನಮ್ಮ ಒಂದು ದೊಡ್ಡ ಸಾಧನೆಯ ನೆರಳಿನಿಂದ ಬಂತು. ಕರ್ನಾಟಕದ ಹಳ್ಳಿಗಳಿಗೆ ಕಣ್ಣಿನ ಚಿಕಿತ್ಸೆ ತಲುಪಿದ್ದು ಶಿಬಿರಗಳ ಮೂಲಕ. ಡಾ. ಎಂ.ಸಿ. ಮೋದಿ ಊರೂರು ಸುತ್ತಿ, ಶಾಲೆಗಳಲ್ಲಿ ಛತ್ರಗಳಲ್ಲಿ ಮೇಜು ಹಾಕಿ, ಸಾಲುಗಟ್ಟಿ ಮಲಗಿದ ಮುದುಕ ಮುದುಕಿಯರಿಗೆ ಬೆಳಕು ಕೊಟ್ಟರು. ಆ ಋಣವನ್ನು ಈ ನಾಡು ತೀರಿಸಲಾರದು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಪೊರೆಯನ್ನೇ ಮುಖ್ಯ ಶತ್ರುವಾಗಿ ಎಣಿಸಿತು. ಅದರ ಜೊತೆಯಲ್ಲೇ ಜನರ ಮನಸ್ಸಿನಲ್ಲಿ ಮೂರು ಸಂಗತಿಗಳು ಬೇರೂರಿದವು: ಪಾಪೆ ಬೆಳ್ಳಗಾದರೆ ಅದು ಪೊರೆ, ಪೊರೆ ಬಲಿಯುವವರೆಗೆ ಕಾಯಬೇಕು, ಬಲಿತ ಮೇಲೆ ತೆಗೆಸಿದರೆ ಮತ್ತೆ ಕಾಣುತ್ತದೆ. ಅರವತ್ತು ವರ್ಷದ ಅಜ್ಜನಿಗೆ ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಈ ಮಾತು ಒಪ್ಪುತ್ತಿತ್ತು. ಈಗಿನ ಶಸ್ತ್ರಚಿಕಿತ್ಸೆಯಲ್ಲಿ ಅಜ್ಜನ ಪೊರೆಯೂ ಬಲಿಯುವವರೆಗೆ ಕಾಯಬೇಕಿಲ್ಲ. ಆದರೆ ಅಜ್ಜನಿಗೆ ಹೇಳಿದ ಅದೇ ಮಾತನ್ನು ಇಂದು ಒಂದೂವರೆ ವರ್ಷದ ಮೊಮ್ಮಗನಿಗೂ ಅನ್ವಯಿಸುತ್ತಿದ್ದೇವೆ. ಮಗುವಿನ ಕಣ್ಣಿನಲ್ಲಿ ಬಲಿಯುತ್ತಿರುವುದು ಪೊರೆಯಲ್ಲ, ಗಡ್ಡೆಯಾಗಿರಬಹುದು.

ಮೆಳ್ಳೆಗಣ್ಣಿನ ಅದೃಷ್ಟದ ಮಾತನ್ನೂ ಇಲ್ಲಿಯೇ ತೀರ್ಮಾನಿಸಿಬಿಡೋಣ. ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಮಗುವಿನ ಕಣ್ಣು ಆಗಾಗ ಅತ್ತಿತ್ತ ಹೊರಳುವುದು ಸಹಜ. ಆಮೇಲೂ ಒಂದು ಕಣ್ಣು ಓರೆಯಾಗಿಯೇ ನಿಂತರೆ ಅದಕ್ಕೆ ಕಾರಣ ಇರಲೇಬೇಕು. ರೆಟಿನಾದ ನಟ್ಟನಡುವೆ ಅತ್ಯಂತ ಸೂಕ್ಷ್ಮವಾಗಿ ನೋಡುವ ಒಂದು ಚುಕ್ಕೆ ಇದೆ. ಕಣ್ಣು ಎದುರಿನ ವಸ್ತುವಿನ ಮೇಲೆ ನಿಲ್ಲುವುದು ಅದರ ಆಧಾರದಿಂದ. ಆ ಚುಕ್ಕೆಯನ್ನು ಗಡ್ಡೆ ನುಂಗಿದರೆ ಕಣ್ಣಿಗೆ ನೆಲೆ ತಪ್ಪುತ್ತದೆ, ಹೊರಳುತ್ತದೆ. ರೆಟಿನೋಬ್ಲಾಸ್ಟೋಮಾ ತೋರುವ ಗುರುತುಗಳಲ್ಲಿ ಬಿಳಿ ಹೊಳಪು ಮೊದಲನೆಯದಾದರೆ ಓರೆಗಣ್ಣು ಎರಡನೆಯದು. ಬಹಳಷ್ಟು ಮೆಳ್ಳೆಗಣ್ಣುಗಳಿಗೆ ಬೇರೆ ಕಾರಣಗಳಿವೆ, ಕನ್ನಡಕದಿಂದ ಸರಿಹೋಗುವುದೂ ಉಂಟು. ಯಾವುದು ಎಂದು ಕಣ್ಣಿನ ವೈದ್ಯರು ಹೇಳಬೇಕು. ಅದೃಷ್ಟದ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿರುವ ಹಕ್ಕು ಯಾರಿಗೂ ಇಲ್ಲ.

ಇಷ್ಟಾದರೂ ರೋಗ ಪತ್ತೆಯಾಯಿತು ಎನ್ನೋಣ. ಆಗ ನಮ್ಮ ಜನ ಒಂದೇ ದಿನದಲ್ಲಿ ಎದುರು ದಡಕ್ಕೆ ಹಾರುತ್ತಾರೆ. ನಿನ್ನೆಯವರೆಗೆ ‘ಕಣ್ಣು ತಾನೆ’ ಎಂದಿದ್ದವರಿಗೆ ಇವತ್ತು ಕಣ್ಣು ಜೀವಕ್ಕಿಂತ ದೊಡ್ಡದಾಗುತ್ತದೆ. ಕಣ್ಣು ತೆಗೆಯಬೇಕು ಎಂದು ವೈದ್ಯರು ಹೇಳಿದ ಸಂಜೆಯೇ ಮಗುವನ್ನು ಹೊತ್ತು ಊರಿಗೆ ಬಸ್ಸು ಹತ್ತುತ್ತಾರೆ. ‘ಕಣ್ಣು ಕಿತ್ತು ಬದುಕಿಸೋದಕ್ಕಿಂತ ದೇವರು ಕೊಟ್ಟ ಹಾಗೇ ಇರಲಿ’ ಎನ್ನುತ್ತಾರೆ. ಬೆಳ್ಳಿಯ ಕಣ್ಣು ಮಾಡಿಸಿ ದೇವರಿಗೆ ಒಪ್ಪಿಸುತ್ತೇವೆ ಎಂದು ಹರಕೆ ಹೊರುತ್ತಾರೆ. ಹರಕೆಗೆ ನನ್ನ ತಕರಾರಿಲ್ಲ. ಹರಕೆ ಹೊತ್ತೇ ಆಸ್ಪತ್ರೆಗೆ ಹೋಗಿ. ತಕರಾರಿರುವುದು ಆಸ್ಪತ್ರೆಯ ಬದಲು ಹರಕೆ ಎಂಬುದಕ್ಕೆ. ಕೆಲವು ತಿಂಗಳ ಬಳಿಕ ಕಣ್ಣು ಹೊರಗೆ ಉಬ್ಬಿ, ನೋವಿನಿಂದ ಮಗು ರಾತ್ರಿಯಿಡೀ ಕಿರುಚುವಾಗ ಅದೇ ಮಗುವನ್ನು ಅದೇ ಆಸ್ಪತ್ರೆಗೆ ಹೊತ್ತು ತರುತ್ತಾರೆ. ಅಷ್ಟು ಹೊತ್ತಿಗೆ ಗಡ್ಡೆ ಕಣ್ಣಿನ ಗೋಡೆ ದಾಟಿರುತ್ತದೆ.

ದಾಟುವ ದಾರಿ ಯಾವುದು ಎಂಬುದನ್ನೂ ಕಣ್ಣಿನ ರಚನೆಯೇ ಹೇಳುತ್ತದೆ. ಕಣ್ಣುಗುಡ್ಡೆಯ ಗಟ್ಟಿ ಕವಚ ಬಹಳ ಕಾಲ ಗಡ್ಡೆಯನ್ನು ಒಳಗೇ ಹಿಡಿದಿಡುತ್ತದೆ. ಆದರೆ ಎರಡು ಕಡೆ ಅದಕ್ಕೆ ಬಿರುಕು ಇದೆ. ಒಂದು, ಹಿಂದಿನಿಂದ ಮಿದುಳಿಗೆ ಹೋಗುವ ದೃಷ್ಟಿನರ. ಇನ್ನೊಂದು, ರೆಟಿನಾದ ಬೆನ್ನಿಗಿರುವ ರಕ್ತನಾಳಗಳ ಪದರ. ಮೊದಲ ದಾರಿ ಹಿಡಿದರೆ ಗಡ್ಡೆ ಮಿದುಳು ಸೇರುತ್ತದೆ. ಎರಡನೆಯದು ಹಿಡಿದರೆ ರಕ್ತದ ಮೂಲಕ ಮೂಳೆಮಜ್ಜೆಗೆ ಹೋಗುತ್ತದೆ. ಬೇರೆ ಗಡ್ಡೆಗಳಲ್ಲಿ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷಿಸುವಂತೆ ಇಲ್ಲಿ ಮಾಡುವುದಿಲ್ಲ. ಆ ಸೂಜಿಯ ತೂತೇ ರೋಗಕ್ಕೆ ಮೂರನೆಯ ಬಾಗಿಲಾದೀತು ಎಂಬ ಭಯ ಅದಕ್ಕೆ ಕಾರಣ. ಕಣ್ಣು ತೆಗೆಯುವ ವೈದ್ಯರು ದೃಷ್ಟಿನರವನ್ನು ಸಾಧ್ಯವಾದಷ್ಟು ಉದ್ದ ಸೇರಿಸಿ ಕತ್ತರಿಸುವುದೂ ಇದಕ್ಕಾಗಿ. ಕತ್ತರಿಸಿದ ತುದಿಯಲ್ಲಿ ರೋಗದ ಕಣ ಇಲ್ಲ ಎಂದು ಸೂಕ್ಷ್ಮದರ್ಶಕ ಹೇಳಿದರೆ, ಒಂದೇ ಕಣ್ಣಿನ ರೋಗದ ಎಷ್ಟೋ ಮಕ್ಕಳಿಗೆ ಮುಂದೆ ಕೀಮೋಥೆರಪಿಯೂ ಬೇಕಾಗುವುದಿಲ್ಲ.

ಇದು ಹೊಸ ಜ್ಞಾನವೂ ಅಲ್ಲ. ಕಣ್ಣು ತೆಗೆದರೆ ಈ ಮಕ್ಕಳನ್ನು ಉಳಿಸಬಹುದು ಎಂದು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ವಾರ್ಡ್ರಾಪ್ ಬರೆದದ್ದು 1809ರಲ್ಲಿ. ಅರಿವಳಿಕೆ ಇಲ್ಲದ ಕಾಲ ಅದು. ಕಣ್ಣೊಳಗೆ ಇಣುಕುವ ಉಪಕರಣ ಹುಟ್ಟಲು ಇನ್ನೂ ನಾಲ್ಕು ದಶಕ ಇತ್ತು. ಇನ್ನೂರು ವರ್ಷ ಕಳೆದು, ಮಗುವಿಗೆ ನೋವೇ ಗೊತ್ತಾಗದಂತೆ ಅದನ್ನು ಮಾಡುವ ಅನುಕೂಲ ಬಂದ ಮೇಲೆ ನಾವು ಬೇಡ ಎನ್ನುತ್ತಿದ್ದೇವೆ.

ಕಣ್ಣು ತೆಗೆಯುವುದು ಎಂದಾಕ್ಷಣ ಜನರ ಕಣ್ಣೆದುರು ಬರುವುದು ಹಳ್ಳ ಬಿದ್ದ ಖಾಲಿ ಗೂಡು. ನಡೆಯುವುದು ಹಾಗಲ್ಲ. ಗುಡ್ಡೆಯನ್ನು ತೆಗೆದ ಜಾಗದಲ್ಲಿ ಒಂದು ಚಿಕ್ಕ ಗೋಲಿ ಇಡುತ್ತಾರೆ, ಕಣ್ಣನ್ನು ಆಡಿಸುತ್ತಿದ್ದ ಸ್ನಾಯುಗಳನ್ನು ಅದಕ್ಕೆ ಹೊಂದಿಸಿ ಹೊಲಿಯುತ್ತಾರೆ. ಅದರಿಂದ ಗೂಡು ಕುಸಿಯುವುದಿಲ್ಲ, ಮಗುವಿನ ಮುಖದ ಮೂಳೆ ಬೆಳೆಯಲು ಆಸರೆ ಸಿಗುತ್ತದೆ. ಸುಮಾರು ಆರು ವಾರದಲ್ಲಿ ಗಾಯ ಮಾಗಿದ ಮೇಲೆ ಕೃತಕ ಕಣ್ಣು ಮಾಡುವವರು ಗೂಡಿನ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಂತೆ ಅಕ್ರಿಲಿಕ್ಕಿನಲ್ಲಿ ತೆಳುವಾದ ಚಿಪ್ಪು ಎರಕವಾಗುತ್ತದೆ. ಮಗುವನ್ನು ಎದುರಿಗೆ ಕೂರಿಸಿಕೊಂಡು, ಇನ್ನೊಂದು ಕಣ್ಣನ್ನು ನೋಡಿ ನೋಡಿ, ಕೂದಲೆಳೆಯಂಥ ಕುಂಚದಲ್ಲಿ ಕಂದು ಬಣ್ಣದ ಮೇಲೆ ಕಂದು ಬಣ್ಣ ಹಚ್ಚುತ್ತಾರೆ. ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳಿಗೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ಅಂಟಿಸುತ್ತಾರೆ. ಕೊನೆಗೆ ಹೊಳಪು ಕೊಟ್ಟು ರೆಪ್ಪೆಯ ಕೆಳಗೆ ಸರಿಸಿದರೆ, ಸ್ನಾಯುಗಳ ಬಲದಿಂದ ಅದು ಸ್ವಲ್ಪ ಆಡುತ್ತದೆ ಕೂಡ. ಅದಕ್ಕೆ ನೋಟ ಇರುವುದಿಲ್ಲ. ಆದರೆ ಗಡ್ಡೆ ತುಂಬಿದ ಕಣ್ಣಿಗೂ ನೋಟ ಇರಲಿಲ್ಲ. ಹೆತ್ತವರು ಕಾಪಾಡಲು ಹೊರಟಿದ್ದ ಕಣ್ಣು ಎಷ್ಟೋ ಸಲ ಆ ಮೊದಲೇ ಹೋಗಿರುತ್ತದೆ.

‘ಯಾರಾದರೂ ದಾನ ಮಾಡಿದ ಕಣ್ಣು ಹಾಕಿಸಿಬಿಡಿ’ ಎಂಬ ಬೇಡಿಕೆಯೂ ಬರುತ್ತದೆ. ಈ ತಪ್ಪು ತಿಳಿವಳಿಕೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಹೆಮ್ಮೆಯ ಹಿನ್ನೆಲೆ ಇದೆ. ಚಾಮರಾಜನಗರದ ಗಡಿಗಂಟಿದ ಗಾಜನೂರಿನ ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ಬೆಳಕು ಬಂತು. ಎರಡು ಕಣ್ಣು ನಾಲ್ವರಿಗೆ ಹೇಗೆ? ಕಸಿ ಮಾಡಿದ್ದು ಇಡೀ ಕಣ್ಣನ್ನಲ್ಲ, ಕಾರ್ನಿಯಾವನ್ನು. ಅದನ್ನು ಪದರ ಬಿಡಿಸಿ ಇಬ್ಬಿಬ್ಬರಿಗೆ ಹಂಚಿದರು. ರೆಟಿನಾದಿಂದ ಮಿದುಳಿಗೆ ಹೋಗುವ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಕತ್ತರಿಸಿದ ಮೇಲೆ ಅವನ್ನು ಜೋಡಿಸುವ ವಿದ್ಯೆ ಯಾರ ಬಳಿಯೂ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ವೈದ್ಯರು ಇಡೀ ಕಣ್ಣನ್ನು ಕಸಿ ಮಾಡಿ ತೋರಿಸಿದರು. ಕಣ್ಣು ಉಳಿಯಿತು, ನೋಟ ಬರಲಿಲ್ಲ. ಹಾಗಾಗಿ ಬದಲಿ ಕಣ್ಣಿಗಾಗಿ ಕಾಯುತ್ತೇವೆ ಎನ್ನುವುದು ಬರದೇ ಇರುವ ಬಸ್ಸಿಗೆ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡು ನಿಂತಂತೆ.

ಅದೇ ರಾಜ್‌ಕುಮಾರ್ ನಾಯಕರಾಗಿ ಮೊದಲು ತೆರೆಗೆ ಬಂದದ್ದು 1954ರ ‘ಬೇಡರ ಕಣ್ಣಪ್ಪ’ದಲ್ಲಿ. ಶಿವನ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತಿಟ್ಟ ಬೇಟೆಗಾರನ ಕತೆಯನ್ನು ಈ ಸೀಮೆಯ ಜನ ಹರಿಕತೆಯಲ್ಲಿ, ನಾಟಕದಲ್ಲಿ, ಸಿನಿಮಾದಲ್ಲಿ ಮತ್ತೆ ಮತ್ತೆ ಕಣ್ಣೀರಿಟ್ಟು ನೋಡಿದ್ದಾರೆ. ಹೆಚ್ಚಿನದೊಂದಕ್ಕಾಗಿ ಕಣ್ಣು ಕೊಟ್ಟವನನ್ನು ಶರಣನೆಂದು ಪೂಜಿಸುವ ಸಮಾಜ, ಮಗುವಿನ ಜೀವಕ್ಕಾಗಿ ರೋಗದ ಕಣ್ಣೊಂದನ್ನು ಕೊಡು ಎಂದರೆ ಹಿಂಜರಿಯುತ್ತದೆ. ಕಣ್ಣಪ್ಪನ ಕತೆ ನಮಗೆ ಕಲಿಸಿದ್ದೇನು ಎಂದು ಒಮ್ಮೆ ಕೇಳಿಕೊಳ್ಳಬೇಕು. ಕಣ್ಣಿಗಿಂತ ದೊಡ್ಡದು ಇದೆ ಎಂದೇ ಅಲ್ಲವೇ?

ಕಣ್ಣು ತೆಗೆಸುವ ಭಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರು ಎಲ್ಲರಿಗಿಂತ ಮುಂಚೆ ಆಸ್ಪತ್ರೆಗೆ ಹೋಗಬೇಕು. ಗಡ್ಡೆ ಚಿಕ್ಕದಿದ್ದಾಗ ಲೇಸರಿನಿಂದ ಸುಡಬಹುದು, ಶೀತದಿಂದ ಹೆಪ್ಪುಗಟ್ಟಿಸಬಹುದು, ಕೀಮೋಥೆರಪಿಯಿಂದ ಕುಗ್ಗಿಸಬಹುದು. ಕಣ್ಣಿನ ಹೊರಗೋಡೆಗೆ ವಿಕಿರಣ ಸೂಸುವ ಪುಟ್ಟ ಬಿಲ್ಲೆ ಹೊಲಿದು ಕೆಲವು ದಿನ ಬಿಡುವ ಚಿಕಿತ್ಸೆಯೂ ಇದೆ. ಆ ರುಥೇನಿಯಂ ಬಿಲ್ಲೆಯನ್ನು ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೇ ತಯಾರಿಸುತ್ತಿದೆ. ಇವುಗಳಿಂದ ಕಣ್ಣೂ ಉಳಿದು ನೋಟವೂ ಉಳಿದ ಮಕ್ಕಳಿದ್ದಾರೆ. ಕಣ್ಣು ತೆಗೆಯುವುದು ಅನಿವಾರ್ಯವಾಗುವುದು ಬಹುಮಟ್ಟಿಗೆ ತಡವಾಗಿ ಹೋದಾಗ. ಕಾದವರೇ ಕಣ್ಣನ್ನು ಕಳೆದುಕೊಳ್ಳುತ್ತಾರೆ, ಇನ್ನೂ ಕಾದರೆ ಮಗುವನ್ನು.

‘ಹೆಣ್ಣು ಮಗು, ಮುಂದೆ ಯಾರು ಕಟ್ಟಿಕೊಳ್ಳುತ್ತಾರೆ’ ಎಂಬ ಪ್ರಶ್ನೆ ಪ್ರತಿ ಸಲ ಏಳುತ್ತದೆ. ಎರಡು ವರ್ಷದ ಮಗುವಿನ ಸಾವು ಬದುಕಿನ ತೀರ್ಮಾನವನ್ನು ಇಪ್ಪತ್ತು ವರ್ಷ ಆಚೆಯ ಯಾವನೋ ಒಬ್ಬ ಗಂಡಿನ ಒಪ್ಪಿಗೆಗೆ ಬಿಡುವ ಈ ಯೋಚನೆಯನ್ನು ನಾನು ಖಡಾಖಂಡಿತವಾಗಿ ತಿರಸ್ಕರಿಸುತ್ತೇನೆ. ಒಂದು ಕಣ್ಣಿನ ಬದುಕು ಅರ್ಧ ಬದುಕಲ್ಲ. 1961ರಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ನೋಟ ಕಳೆದುಕೊಂಡ ಮನ್ಸೂರ್ ಅಲಿ ಖಾನ್ ಪಟೌಡಿ ಮರುವರ್ಷವೇ ಭಾರತ ಕ್ರಿಕೆಟ್ ತಂಡದ ನಾಯಕರಾದರು. ಅವರು ಇಪ್ಪತ್ತರ ವಯಸ್ಸಿನಲ್ಲಿ ಹೊಸದಾಗಿ ಕಲಿತದ್ದನ್ನು ಎಳೆಯ ಮಗು ನಡೆಯಲು ಕಲಿಯುವಾಗಲೇ ಕಲಿತುಬಿಡುತ್ತದೆ. ಅದು ಶಾಲೆಗೆ ಹೋಗುತ್ತದೆ, ಓದುತ್ತದೆ, ಹೊಲದಲ್ಲೂ ಕಚೇರಿಯಲ್ಲೂ ದುಡಿಯುತ್ತದೆ. ಉಳಿದ ಕಣ್ಣನ್ನು ಜೋಪಾನ ಮಾಡಬೇಕು, ಅಷ್ಟೆ.

ಇನ್ನು ದೋಷ ಹೊರಿಸುವ ಮಾತು. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ನಾಗದೋಷ, ತವರಿನವರ ರಕ್ತ ಸರಿಯಿಲ್ಲ ಎಂದು ಬಾಣ ಬಿಡುವುದು ತಾಯಿಯ ಮೇಲೇ. ಈ ರೋಗದ ಮೂಲ ಹದಿಮೂರನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನಲ್ಲಿದೆ. ಜೀವಕೋಶ ಮಿತಿಮೀರಿ ಒಡೆಯದಂತೆ ತಡೆಯುವುದು ಅದರ ಕೆಲಸ. ಪ್ರತಿ ಕೋಶದಲ್ಲೂ ಅದರ ಎರಡು ಪ್ರತಿಗಳಿವೆ. ಎರಡೂ ಕೆಟ್ಟರೆ ಗಡ್ಡೆ ಹುಟ್ಟುತ್ತದೆ ಎಂದು ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಈ ರೋಗದ ಮಕ್ಕಳ ಲೆಕ್ಕದಿಂದಲೇ ತರ್ಕಿಸಿದರು. ಇಡೀ ಕ್ಯಾನ್ಸರ್ ವಿಜ್ಞಾನಕ್ಕೆ ದಾರಿ ತೋರಿಸಿದ ತರ್ಕ ಅದು. ಸುಮಾರು ನೂರಕ್ಕೆ 40 ಮಕ್ಕಳಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅವರಲ್ಲೂ ಬಹುಪಾಲು ಮಂದಿಯ ವಂಶದಲ್ಲಿ ಹಿಂದೆ ಯಾರಿಗೂ ರೋಗ ಇರುವುದಿಲ್ಲ. ದೋಷ ಹೊಸದಾಗಿ ಹುಟ್ಟಿರುತ್ತದೆ. ಹಾಗೆ ಹೊಸದಾಗಿ ಹುಟ್ಟಿದ ದೋಷ ಹೆಚ್ಚಾಗಿ ಕಾಣುವುದು ತಂದೆಯಿಂದ ಬಂದ ಪ್ರತಿಯಲ್ಲಿ. ಹಾಗೆಂದು ತಂದೆಯೂ ತಪ್ಪಿತಸ್ಥನಲ್ಲ. ಯಾರೂ ಅಲ್ಲ. ಈ ವಿಷಯ ತಿಳಿದರೆ ಜಗಳದ ಬದಲು ಕೆಲಸ ನಡೆಯುತ್ತದೆ: ಒಂದು ಮಗುವಿಗೆ ರೋಗ ಬಂದರೆ ಅಣ್ಣ ತಮ್ಮ ಅಕ್ಕ ತಂಗಿಯರ ಕಣ್ಣನ್ನೂ ಪರೀಕ್ಷಿಸಬೇಕು, ಮುಂದೆ ಹುಟ್ಟುವ ಮಗುವನ್ನು ಮೊದಲ ವಾರಗಳಲ್ಲೇ ತೋರಿಸಬೇಕು.

ಮಗುವಿನ ಕಣ್ಣಿಗೆ ನಂದಿಬಟ್ಟಲ ಹೂವಿನ ರಸ, ಎದೆಹಾಲು, ಜೇನು, ಹರಳೆಣ್ಣೆ ಬಿಡುವವರಿಗೆ ಒಂದೇ ಮಾತು. ಕಾರ್ನಿಯಾದ ಮೇಲೆ ಬಿಟ್ಟ ಈ ಹನಿಗಳಲ್ಲಿ ಯಾವುದೂ ಹಿಂಗೋಡೆಯ ಗಡ್ಡೆಯನ್ನು ಕರಗಿಸುವುದಿಲ್ಲ. ಸೋಂಕು ತಗುಲಿ ಕಾರ್ನಿಯಾ ಹುಣ್ಣಾದರೆ ಒಳಗಿನದು ವೈದ್ಯರಿಗೂ ಕಾಣದಂತಾಗುತ್ತದೆ.

ಕಣ್ಣಿನ ಕ್ಯಾನ್ಸರಿನಿಂದ ದೊಡ್ಡವರೂ ಹೊರತಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ಈರುಳ್ಳಿ, ಅರಿಸಿನ, ಚೆಂಡುಹೂವಿನ ಹೊಲದಲ್ಲಿ ದುಡಿಯುವವರ ಬಿಳಿಗುಡ್ಡೆಯ ಮೇಲೆ ಬೆಳೆಯುವ ಮಾಂಸದಲ್ಲಿ ಎಲ್ಲವೂ ನಿರುಪದ್ರವಿಯಲ್ಲ. ರೆಪ್ಪೆಯ ಒಂದೇ ಜಾಗದಲ್ಲಿ ಮರಳಿ ಮರಳಿ ಏಳುವ ಗಂಟು ರೆಪ್ಪೆಯ ಕ್ಯಾನ್ಸರ್ ಆಗಿರಬಹುದು. ಅಲ್ಲಿಯೂ ಔಷಧಿ ಅಂಗಡಿಯ ಹನಿಯಲ್ಲೇ ಕಾಲ ಕಳೆಯುವ ಚಾಳಿ ಬಿಡಬೇಕು.

ಈ ತಡಕ್ಕೆಲ್ಲ ಬಡತನ ಕಾರಣವೇ ಹೊರತು ನಂಬಿಕೆಯಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಂಡ್ಲುಪೇಟೆಯಿಂದ ಮೈಸೂರಿಗೆ 60 ಕಿಲೋಮೀಟರ್, ಬೆಂಗಳೂರಿಗೆ 200ರ ಆಸುಪಾಸು. ಚಿಕಿತ್ಸೆ ಒಂದು ದಿನದ್ದಲ್ಲ. ತಿಂಗಳು ತಿಂಗಳು ಅಲೆಯಬೇಕು, ಕೂಲಿ ಬಿಡಬೇಕು, ಮನೆಯಲ್ಲಿ ಉಳಿದ ಮಕ್ಕಳನ್ನು ಯಾರಿಗಾದರೂ ಒಪ್ಪಿಸಬೇಕು. ಅರ್ಧದಲ್ಲಿ ಚಿಕಿತ್ಸೆ ಬಿಡುವವರಲ್ಲಿ ಹಣವಿಲ್ಲದವರೂ ಇದ್ದಾರೆ. ಆದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜು ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಬೆಂಗಳೂರಿನಲ್ಲಿ ಮಿಂಟೊ ಮತ್ತು ಕಿದ್ವಾಯಿ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ಹೆಜ್ಜೆಗೆ ಹಣವೇ ಬೇಕಿಲ್ಲ. ‘ಕಾಯೋದು ಬೇಡ’ ಎನ್ನಲು ಯಾರೂ ಕಾಸು ಕೇಳುವುದಿಲ್ಲ.

ಹಣ ಹಾಕಬೇಕಾದವರು ಬೇರೆ ಇದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅದರ ಮೂಲ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟು ಪೊರೆ ಇದೆ, ಅವಧಿಪೂರ್ವ ಶಿಶುಗಳ ರೆಟಿನಾ ದೋಷ ಇದೆ, ರೆಟಿನೋಬ್ಲಾಸ್ಟೋಮಾದ ಹೆಸರಿಲ್ಲ. ಹಳ್ಳಿಯ ಶಿಶುವಿನ ರೆಟಿನಾ ನೋಡುವುದು ಆಗದ ಮಾತು ಎಂಬ ನೆಪವೂ ಈಗ ಉಳಿದಿಲ್ಲ. 2008ರಿಂದ ನಾರಾಯಣ ನೇತ್ರಾಲಯದ ‘ಕಿಡ್‌ರಾಪ್’ ಯೋಜನೆಯ ತಂತ್ರಜ್ಞರು ಕರ್ನಾಟಕದ ಜಿಲ್ಲೆಗಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾದ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸಿ ತೋರಿಸಿಕೊಟ್ಟಿದ್ದಾರೆ.

ಜಿಲ್ಲಾ ಆರೋಗ್ಯ ಇಲಾಖೆಯಿಂದ ನಾನು ಕೇಳುವುದು ದೊಡ್ಡದೇನಲ್ಲ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆ ಪ್ರತಿ ಮಗುವಿಗೂ ಕಣ್ಣಿಗೆಂದೇ ವಿಟಮಿನ್ ಎ ಹನಿ ಹಾಕುತ್ತೀರಿ. ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಹಾಕುತ್ತೀರಿ. ಈ ರೋಗ ಬರುವ ವಯಸ್ಸೂ ಅದೇ. ಅದೇ ದಿನ, ಅದೇ ಅಂಗನವಾಡಿಯ ಕಿಟಕಿ ಮುಚ್ಚಿ, ಮಬ್ಬು ಬೆಳಕಿನಲ್ಲಿ ಎರಡೂ ಪಾಪೆಗಳಿಗೆ ಬೆಳಕು ಬಿಟ್ಟು ಕೆಂಪು ಹೊಳಪು ಸಮನಾಗಿದೆಯೇ ಎಂದು ನೋಡಿ. ಎರಡು ನಿಮಿಷದ ಕೆಲಸ. ಅದಕ್ಕೆ ಬೇಕಾದ ಕೈ ಉಪಕರಣವನ್ನು ಪ್ರತಿ ಆರೋಗ್ಯ ಕೇಂದ್ರಕ್ಕೂ ಕೊಡಿ, ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ತರಬೇತಿ ಕೊಡಿ, ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಅಚ್ಚುಹಾಕಿ. ಅನುಮಾನ ಬಂದ ಮಗುವನ್ನು ಅದೇ ವಾರ ಕಣ್ಣಿನ ತಜ್ಞರ ಬಳಿ ತಲುಪಿಸುವ ಹೊಣೆಯನ್ನು ಒಬ್ಬ ಅಧಿಕಾರಿಗೆ ವಹಿಸಿ.

ಹೆತ್ತವರಿಗೆ ನನ್ನ ಮಾತು ಇಷ್ಟೇ. ಈ ರಾತ್ರಿ ಕೋಣೆಯ ದೀಪ ಕಡಿಮೆ ಮಾಡಿ, ಮೊಬೈಲಿನ ಫ್ಲ್ಯಾಷ್ ಹಾಕಿ, ನಿಮ್ಮತ್ತ ನೇರ ನೋಡುತ್ತಿರುವ ಮಗುವಿನ ಎರಡು ಮೂರು ಫೋಟೊ ತೆಗೆಯಿರಿ. ಒಂದು ಕಣ್ಣು ಬೆಳ್ಳಗೆ ಬಂದರೆ, ಇಲ್ಲವೇ ನಾಲ್ಕು ತಿಂಗಳು ದಾಟಿದ ಮೇಲೂ ಕಣ್ಣು ಓರೆಯಾಗಿಯೇ ನಿಂತಿದ್ದರೆ, ಆ ಫೋಟೊ ಹಿಡಿದು ಈ ವಾರವೇ ಕಣ್ಣಿನ ವೈದ್ಯರ ಬಳಿ ಹೋಗಿ. ಹನಿ ಹಾಕಿ ಒಳಗೆ ನೋಡದೆ ಕಳಿಸಿದರೆ ಇನ್ನೊಬ್ಬರ ಬಳಿ ಹೋಗಿ. ಏನೂ ಇಲ್ಲ ಎಂದು ಗೊತ್ತಾದರೆ ಕಳೆದುಕೊಂಡದ್ದು ಒಂದು ದಿನದ ಕೂಲಿ. ಇದೆ ಎಂದು ಗೊತ್ತಾದರೆ, ವೈದ್ಯರು ಹೇಳಿದ ಚಿಕಿತ್ಸೆಯನ್ನು ಒಪ್ಪಿ, ಕಣ್ಣು ತೆಗೆಯಬೇಕೆಂದರೂ ಒಪ್ಪಿ, ಮುಗಿಯುವವರೆಗೆ ಬಿಡಬೇಡಿ. ಸಮಯಕ್ಕೆ ತಂದ ಮಗು ಈ ರೋಗದಿಂದ ಸಾಯಬೇಕಾಗಿಲ್ಲ.